ಫ್ಯಾರೋ ದ್ವೀಪದಲ್ಲಿ ಬಾಡಿಗೆ ಮೂಗು

ಮೊನ್ನೆ ಭಾನುವಾರ ಲ್ಯಾನ್‌ಹ್ಯಾಮ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಪುಳಿಯೋಗರೆಯ ತಟ್ಟೆ ಹಿಡಿದು ಕೂರಲು ಜಾಗ ಹುಡುಕುತ್ತಿದ್ದೆ. ನಮ್ಮ ಬೀದಿಗೆ ಹೊಸದಾಗಿ ಬಂದಿರುವ ಶ್ರುತಿ ಎಂಬ ಹುಡುಗಿ ಅಡ್ಡ ಬಂದು ನಿಂತಳು.

"ಆಂಟಿ, ನೀವು ಫ್ಯಾರೋ ಐಲ್ಯಾಂಡ್ಸ್‌ಗೆ ಹೋಗಿದ್ರಂತಲ್ಲ? ನಾವು ಈ ಸಮ್ಮರ್‌ಗೆ ಪ್ಲಾನ್ ಮಾಡ್ತಾ ಇದೀವಿ. ಎಲ್ಲಿ ತಿನ್ನೋದು, ಏನ್ ನೋಡೋದು, ಒಂದು ಲಿಸ್ಟ್ ವಾಟ್ಸಾಪ್ ಮಾಡ್ಬಿಡಿ ಆಂಟಿ. ನೀವು ಹೇಗೂ ಲಿಸ್ಟ್ ಮಾಡೇ ಮಾಡಿರ್ತೀರಾ."

ಆ ಕೊನೆಯ ಮಾತಿನಲ್ಲಿದ್ದದ್ದು ಹೊಗಳಿಕೆಯೋ ಕೊಂಕೋ ನನಗೆ ತಿಳಿಯಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡು ಪುಳಿಯೋಗರೆ ತಿಂದೆ.

ಅಮೆರಿಕದಲ್ಲಿರುವ ನಮ್ಮವರ ಈ ಲಿಸ್ಟಿನ ಹುಚ್ಚು ನಿಮಗೆ ಹೊಸದಲ್ಲ. ನಾವು ಯಾರೂ ಊರು ನೋಡಲು ಸುಮ್ಮನೆ ಹೊರಡುವುದಿಲ್ಲ. ಮೊದಲು ಅಲ್ಲಿಗೆ ಹೋಗಿ ಬಂದವರನ್ನು ಹಿಡಿಯುತ್ತೇವೆ, ಅವರಿಂದ ಲಿಸ್ಟ್ ಇಸಿದುಕೊಳ್ಳುತ್ತೇವೆ, ಅದಕ್ಕೆ ನಮ್ಮದೂ ಎರಡು ಸಾಲು ಸೇರಿಸಿ ಮುಂದಿನವರಿಗೆ ದಾಟಿಸುತ್ತೇವೆ. ಹಿಂದೊಮ್ಮೆ ನಯಾಗರಾದಿಂದ ಬಂದವಳು "ಜಲಪಾತದ ಹತ್ತಿರದ ಇಂಡಿಯನ್ ಹೋಟೆಲಿನಲ್ಲಿ ಸಾಂಬಾರ್ ಪರವಾಗಿಲ್ಲ" ಎಂದು ಗೆಳತಿಯೊಬ್ಬಳಿಗೆ ಬರೆದುಕೊಟ್ಟಿದ್ದೆ. ಎಷ್ಟೋ ವರ್ಷಗಳ ಮೇಲೆ ಅಟ್ಲಾಂಟಾದ ಪರಿಚಯದವರೊಬ್ಬರು ನನಗೇ ಒಂದು ನಯಾಗರಾ ಲಿಸ್ಟ್ ಕಳಿಸಿದರು. ಅದರಲ್ಲಿ ನನ್ನ ಕಾಗುಣಿತದ ತಪ್ಪುಗಳೆಲ್ಲ ಇದ್ದಲ್ಲಿಯೇ ಇದ್ದವು. ಸಾಂಬಾರ್ ಮಾತ್ರ "ತಪ್ಪದೇ ಸವಿಯಿರಿ" ಎಂಬ ಪದವಿಗೆ ಏರಿತ್ತು.

ನನ್ನ ಹೊಟ್ಟೆಪಾಡೂ ಲಿಸ್ಟಿನದೇ. ಫೇರ್‌ಫ್ಯಾಕ್ಸ್‌ನ ಒಂದು ಆಫೀಸಿನಲ್ಲಿ ಕೂತು, ಸರ್ಕಾರಕ್ಕೆ ಹೋಗುವ ಕಾಗದಗಳನ್ನು ಒಂದು, ಎರಡು, ಎರಡರ ಎ, ಎರಡರ ಬಿ ಎಂದು ಓರಣ ಮಾಡುವವಳು ನಾನು. ಹಾಗಾಗಿ ಅಂದು ಸಂಜೆಯೇ ಲ್ಯಾಪ್‌ಟಾಪ್ ತೆಗೆದು ಎರಡು ತಲೆಬರಹ ಹಾಕಿದೆ. "ನೋಡುವ ಜಾಗಗಳು" ಒಂದು, "ತಿನ್ನುವ ಜಾಗಗಳು" ಇನ್ನೊಂದು.

ಮೊದಲನೆಯದು ಸಲೀಸಾಗಿ ತುಂಬಿತು. ಐಸ್‌ಲ್ಯಾಂಡಿಗೂ ನಾರ್ವೆಗೂ ನಡುವೆ ಯಾರೋ ಕೈತಪ್ಪಿ ಚೆಲ್ಲಿದಂತಿರುವ ಹದಿನೆಂಟು ದ್ವೀಪಗಳು ಅವು. ಮರ ಎಂಬುದು ಹುಡುಕಿದರೆ ಉಂಟು. ಎಲ್ಲೆಲ್ಲೂ ಹುಲ್ಲು, ಮನೆಗಳ ಮಾಡಿನ ಮೇಲೂ ಹುಲ್ಲು. ಒಂದು ಕಡೆ ಇಡೀ ಹೊಳೆ ಬಂಡೆಯ ಅಂಚಿಗೆ ಬಂದು ನೇರ ಕಡಲಿಗೆ ಧುಮುಕುತ್ತದೆ. ಇನ್ನೊಂದು ಕಡೆ ಕೆರೆಯೊಂದು ಕಡಲಿನ ಮೇಲೆ ಅಂತರದಲ್ಲಿ ನಿಂತಂತೆ ಕಾಣುತ್ತದೆ. ಅದನ್ನು ನೋಡಲು ಕೆಸರಿನಲ್ಲಿ ಒಂದು ಗಂಟೆ ನಡೆಯಬೇಕು, ನಡೆದು ಮುಟ್ಟಿದಾಗ ಮಂಜು ಮುಸುಕಿರುತ್ತದೆ. ಸಮುದ್ರದ ಅಡಿಯಲ್ಲಿ ಸುರಂಗ ಕೊರೆದು, ಆ ಸುರಂಗದೊಳಗೆ ಒಂದು ವೃತ್ತವನ್ನೂ ಕಟ್ಟಿದ್ದಾರೆ. ಕಾರು ಓಡಿಸುತ್ತಿದ್ದ ನಮ್ಮ ಪಾಟೀಲರು, ಅಂದರೆ ನನ್ನ ಗಂಡ, ಅದರ ನೀಲಿ ದೀಪಗಳಿಗೆ ಮರುಳಾಗಿ ಹೊರಗೆ ಬೀಳುವ ದಾರಿ ಬಿಟ್ಟು ಮೂರು ಸುತ್ತು ಹೊಡೆದರು. "ಪ್ರದಕ್ಷಿಣಿ ಆತಲ್ಲ, ಇನ್ನ ಹೋಗೋಣ್ರಿ" ಎಂದು ನಾನೇ ಹೇಳಬೇಕಾಯಿತು.

ಇಷ್ಟೆಲ್ಲ ಬರೆದು "ತಿನ್ನುವ ಜಾಗಗಳು" ಎಂಬಲ್ಲಿಗೆ ಬಂದೆ. ಅಲ್ಲಿ ಕೈ ನಿಂತುಬಿಟ್ಟಿತು. ಆರು ದಿನ ಇದ್ದು ಬಂದ ನನಗೆ ನೆನಪಾದದ್ದು ಒಂದೇ ಒಂದು ಊಟ. ಉಳಿದ ಎಲ್ಲ ಹೊತ್ತೂ ನಾವು ತಿಂದದ್ದು ಗದಗಿನ ಕಡಕ್ ರೊಟ್ಟಿ, ಕೂತದ್ದು ಬಾಡಿಗೆ ಕಾರಿನಲ್ಲಿ. ಆ ಒಂದು ಊಟದ ವಿಷಯವನ್ನು ಶ್ರುತಿಗೆ ವಾಟ್ಸಾಪಿನಲ್ಲಿ ಎರಡು ಸಾಲು ಬರೆದು ಮುಗಿಸಲು ಆಗುವುದಿಲ್ಲ. ಅದಕ್ಕೇ ನಿಮ್ಮ ಮುಂದೆ ಕೂತಿದ್ದೇನೆ.

ಅದನ್ನು ಹೇಳಬೇಕಾದರೆ ಲವೀನಾಳಿಂದ ಶುರು ಮಾಡಬೇಕು. ಲವೀನಾ ಮಂಗಳೂರಿನ ಬಂದರಿನ ಕಡೆಯವಳು. ನಾವಿಬ್ಬರೂ ಈ ದೇಶಕ್ಕೆ ಹೊಸದಾಗಿ ಬಂದಾಗ ಫೇರ್‌ಫ್ಯಾಕ್ಸ್‌ನ ಒಂದೇ ಅಪಾರ್ಟ್‌ಮೆಂಟಿನಲ್ಲಿ ಎದುರು ಬದುರು ಇದ್ದೆವು. ನಾನು ಈರುಳ್ಳಿ ಬೆಳ್ಳುಳ್ಳಿಗೂ ವಾರ ನೋಡುವ ಮನೆಯಿಂದ ಬಂದವಳು. ಅವಳೋ ಮೀನಿಲ್ಲದ ಊಟವನ್ನು ಊಟವೆಂದು ಲೆಕ್ಕಕ್ಕೇ ಹಿಡಿಯದವಳು. ಅವಳ ಮನೆಯಲ್ಲಿ ಮೀನಿನ ಸಾರು ಕುದಿಯುವಾಗ ನಾನು ನಮ್ಮ ಬಾಗಿಲ ಸಂದಿಗೆ ಟವೆಲ್ ತುರುಕುತ್ತಿದ್ದೆ. ಅವಳು ಬಾಗಿಲು ತಟ್ಟಿ "ಟವೆಲ್ ತೆಗಿ ಮಾರಾಯ್ತಿ, ನಿನಗೆ ನೀರುದೋಸೆ ತಂದಿದ್ದೇನೆ" ಅನ್ನುತ್ತಿದ್ದಳು. ಹೀಗೆ ಟವೆಲಿನ ಆಚೆ ಈಚೆ ಬೆಳೆದ ಸ್ನೇಹ ನಮ್ಮದು. ಮುಂದೆ ಅವಳು ಗಂಡ ಮತ್ತು ಮಗಳೊಂದಿಗೆ ರಾಲಿಗೆ ಹೋದಳು, ಅಲ್ಲಿ ಫಾರ್ಮಸಿಸ್ಟ್ ಆದಳು. ನಾಲ್ಕೂವರೆ ಗಂಟೆಯ ದಾರಿ ಎಂಬುದು ನಮಗೆ ಒಂದು ದೂರವೇ ಆಗಿರಲಿಲ್ಲ.

೨೦೨೦ರ ಕೊನೆಯಲ್ಲಿ ಲವೀನಾಳಿಗೆ ಕೋವಿಡ್ ಬಂತು. ಜ್ವರ ನಾಲ್ಕು ದಿನಕ್ಕೆ ಹೋಯಿತು, ಹೋಗುವಾಗ ಮೂಗಿನ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಎಲ್ಲರಿಗೂ ಹಾಗೇ ಆಗುತ್ತಿತ್ತು, ತಿಂಗಳಲ್ಲಿ ಮರಳುತ್ತಿತ್ತು. ಇವಳಿಗೆ ಮರಳಲಿಲ್ಲ. ವರ್ಷ ಕಳೆಯಿತು, ಎರಡು ಕಳೆಯಿತು. ದಿನಕ್ಕೆರಡು ಸಲ ನಾಲ್ಕು ಬಗೆಯ ವಾಸನೆ ಮೂಸಿ ಮೂಗಿಗೆ ಅಭ್ಯಾಸ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ಅವರು ಹೇಳಿದ ಗುಲಾಬಿ, ನಿಂಬೆ ಎಲ್ಲ ಬಿಟ್ಟು ಇವಳು ಇಂಗು, ಲವಂಗ, ಓಮ, ಒಣಸಿಗಡಿ ಎಂದು ನಾಲ್ಕು ಡಬ್ಬಿ ಇಟ್ಟುಕೊಂಡಳು. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಡಬ್ಬಿಗೆ ಮೂಗು ಹಾಕುತ್ತಿದ್ದಳು. ಇಂಗಿನ ಡಬ್ಬಿಯೂ ಖಾಲಿ ಡಬ್ಬಿಯೂ ಅವಳಿಗೆ ಒಂದೇ ಆಗಿತ್ತು.

ವಾಸನೆ ಹೋದರೆ ರುಚಿಯೂ ಹೋದಂತೆ. ಉಪ್ಪು ಹುಳಿ ಖಾರ ನಾಲಿಗೆಗೆ ತಿಳಿಯುತ್ತಿತ್ತು, ಅಷ್ಟೇ. ಬಂಗುಡೆಯೂ ಅಷ್ಟೇ, ಬದನೆಯೂ ಅಷ್ಟೇ. ಒಮ್ಮೆ ನಾನು ರಾಲಿಗೆ ಹೋದಾಗ ಅವಳು ಒಲೆಯ ಮುಂದೆಯೇ ನಿಂತಿದ್ದಳು, ಒಗ್ಗರಣೆ ಸೀದು ಕರಿಯಾಗುತ್ತಿತ್ತು. ಮಹಡಿಯಿಂದ ಮಗಳು ರಿಯಾ "ಮಾಮ್, ಇಟ್ಸ್ ಬರ್ನಿಂಗ್ ಅಗೇನ್" ಎಂದು ಕೂಗಿದಳು. ಆ "ಅಗೇನ್" ಲವೀನಾಳಿಗೆ ತಗುಲಿದ್ದು ನನಗೆ ಕಂಡಿತು. ಒಲೆ ಆರಿಸಿ ನಕ್ಕಳು. ನಗು ಅವಳದಾಗಿರಲಿಲ್ಲ.

ಆ ದಿನದಿಂದ ನಾನು ಅವಳ ಮೂಗಾದೆ. ಜೊತೆಗಿದ್ದಾಗ ಏನು ಸಿಕ್ಕಿದರೂ ನನ್ನ ಮುಖದ ಹತ್ತಿರ ಹಿಡಿದು "ಹೇಗುಂಟು, ಹೇಳು" ಅನ್ನುವಳು. ಹಾಲು ಕೆಟ್ಟಿದೆಯೇ, ಮಲ್ಲಿಗೆ ನಿಜವಾಗಿ ಮಲ್ಲಿಗೆಯೇ, ಮಳೆ ಬಿದ್ದ ಮಣ್ಣು ಇಲ್ಲಿಯೂ ಊರಿನ ಹಾಗೇ ಬರುತ್ತದೆಯೇ. ನಾನು ಮೂಸಿ ವರದಿ ಒಪ್ಪಿಸುತ್ತಿದ್ದೆ. ಬೇರೆಯವರ ವಿಷಯದಲ್ಲಿ ಮೂಗು ತೂರಿಸಬೇಡ ಎಂದು ಅವ್ವನಿಂದ ಬೈಸಿಕೊಂಡು ಬೆಳೆದವಳಿಗೆ ಅದೇ ಒಂದು ಉದ್ಯೋಗವಾಯಿತು. ಒಂದೇ ತೊಡಕೆಂದರೆ ಮೀನು. ಹುಟ್ಟಿದಾಗಿನಿಂದ ಮೀನಿಗೆ ಮೂಗು ಮುಚ್ಚಿಕೊಂಡವಳು ಬಂಗುಡೆ ಮೀನಿಗೂ ಅಂಜಲ್ ಮೀನಿಗೂ ಇರುವ ಭೇದವನ್ನು ಏನೆಂದು ಹೇಳಲಿ? ಇಡೀ ಅಮೆರಿಕದಲ್ಲಿ ಅವಳಿಗೆ ಇದಕ್ಕಿಂತ ಕೆಲಸಕ್ಕೆ ಬಾರದ ಮೂಗು ಸಿಗುತ್ತಿರಲಿಲ್ಲ.

ಫ್ಯಾರೋ ಯೋಚನೆ ಅವಳದೇ. ಅಲ್ಲಿ ಜನರಿಗಿಂತ ಕುರಿ ಹೆಚ್ಚು, ಮನೆಮನೆಗೂ ಮೀನು, ದೋಣಿಯಿಂದ ನೇರ ಒಲೆಗೆ ಎಂದು ಎಲ್ಲಿಯೋ ಓದಿದ್ದಳು. "ಫ್ರೀಜರ್ ಮೀನು ಮೂಸಿ ಮೂಸಿ ನನ್ನ ಮೂಗು ಸತ್ತದ್ದು ಗಿರಿಜಾ. ಕಡಲ ನಡುವೆ ಹೋಗಿ ನೋಡುವ. ಅಲ್ಲಿಯೂ ಬರದಿದ್ದರೆ ಮತ್ತೆ ಸಾಕು. ಮೀನಿನ ಸಾರು ಮಾಡುದೇ ಬಿಡ್ತೇನೆ. ಅಮ್ಮ ಕೊಟ್ಟ ಮಣ್ಣಿನ ಪಾತ್ರೆ ಅಟ್ಲಾಂಟಾದ ನಮ್ಮ ನಾದಿನಿಗೆ ಕೊಟ್ಟುಬಿಡ್ತೇನೆ, ಅವಳಾದರೂ ಮಾಡಲಿ" ಎಂದು ಫೋನಿನಲ್ಲಿ ಹೇಳಿದಳು. ದನಿಯಲ್ಲಿ ಅಳುವೇನೂ ಇರಲಿಲ್ಲ. ಹಳೆಯ ಸೋಫಾ ಯಾರಿಗೆ ಕೊಡುವುದೆಂದು ಹೇಳುವ ಹಾಗೆ ಹೇಳಿದಳು, ಅದಕ್ಕೇ ನನಗೆ ಭಯವಾಯಿತು. ನಾವೂ ಬರುತ್ತೇವೆ ಎಂದುಬಿಟ್ಟೆ. ಅವಳ ಗಂಡನಿಗೆ ರಜೆ ಸಿಗಲಿಲ್ಲ. ನಾನು, ಪಾಟೀಲರು, ಲವೀನಾ ಮೂವರೇ ಒಂದು ಜೂನ್ ತಿಂಗಳಲ್ಲಿ ಫೇರ್‌ಫ್ಯಾಕ್ಸ್ ಹತ್ತಿರದ ಡಲ್ಲಸ್ ನಿಲ್ದಾಣದಿಂದ ವಿಮಾನ ಹತ್ತಿದೆವು.

ಹತ್ತುವ ಮೊದಲು ನಾನು ಮಾಡಿದ ತಪ್ಪು ಇದು: ಒಂದು ಸೂಟ್‌ಕೇಸ್ ತುಂಬ ಊಟ ಕಟ್ಟಿದೆ. ನಾಲ್ಕು ಡಜನ್ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಚ್ಚಿದ ಅವಲಕ್ಕಿ, ಮೇಲೊಂದು ಪುಟ್ಟ ರೈಸ್ ಕುಕ್ಕರ್. ಇದು ನನ್ನ ಮೈಗೆ ಹತ್ತಿದ ಚಾಳಿ. ಏಳನೇ ಇಯತ್ತೆಯಲ್ಲಿ ಸಾಲೆಯಿಂದ ಕಾರವಾರಕ್ಕೆ ಪ್ರವಾಸ ಹೋದಾಗ ಅವ್ವ ಮೂರು ದಿನಕ್ಕೆ ಮೂರು ಬುತ್ತಿ ಗಂಟು ಬೇರೆ ಬೇರೆ ಬಣ್ಣದ ಬಟ್ಟೆಯಲ್ಲಿ ಕಟ್ಟಿದ್ದಳು. ಹೊರಗಿನದೇನೂ ಮುಟ್ಟಬೇಡ ಎಂದು ಆಣೆ ಹಾಕಿಸಿದ್ದಳು. ಹುಟ್ಟಿ ಮೊದಲ ಸಲ ಸಮುದ್ರ ಕಂಡದ್ದು ಆಗಲೇ. ಎಲ್ಲ ಮಕ್ಕಳೂ ನೀರಿಗೆ ಓಡಿದರೆ ನಾನು ಉಸುಕಿನಲ್ಲಿ ಕೂತು ಕೆಂಪು ಗಂಟು ಕಾಯ್ದೆ, ನಾಯಿ ಎಳೆದುಕೊಂಡು ಹೋದೀತೆಂದು. ಗಂಟು ಉಳಿಯಿತು, ಸಮುದ್ರ ತಪ್ಪಿತು. ಐವತ್ತು ದಾಟಿದರೂ ನಾನು ಕಲಿತದ್ದೇನೂ ಇಲ್ಲ.

ಫ್ಯಾರೋ ಮುಟ್ಟಿದ ಎರಡನೇ ದಿನ ಬಂದರಿನ ದಂಡೆಯಲ್ಲಿ ಒಂದು ಗಾಡಿಯಂಗಡಿ ಸಿಕ್ಕಿತು. ಎದುರಿಗೇ ಕಟ್ಟಿದ ದೋಣಿ, ಅದರದೇ ಮೀನು, ಬಾಣಲೆಯಲ್ಲಿ ಕರಿದು ಕಾಗದದಲ್ಲಿ ಸುತ್ತಿಕೊಡುತ್ತಿದ್ದರು. ಲವೀನಾ ಕೊಂಡು ತಂದು ಬಿಸಿಯಿರುವಾಗಲೇ ನನ್ನ ಮುಖಕ್ಕೆ ಹಿಡಿದಳು. "ಹೇಗುಂಟು, ಹೇಳು."

ನಾನು ಸತ್ಯವನ್ನೇ ಹೇಳಿದೆ. "ಕೆಟ್ಟ ವಾಸನಿ ಐತಿ ನೋಡು."

ಲವೀನಾ ಕಾಗದ ಮಡಿಚಿದಳು. "ನೀನು ಕೆಟ್ಟದು ಅಂತ ಹೇಳಿದ್ದುಂಟಲ್ಲ, ಅದು ನಮ್ಮಮ್ಮನ ಅಡಿಗೆಮನೆ ಗಿರಿಜಾ. ಅದು ಹೇಗಿತ್ತು ಅಂತ ನನಗೇ ಮರೀತಾ ಬಂದಿದೆ. ಅದನ್ನು ಕೇಳಿದ್ದು ನಾನು" ಎಂದಳು. ಮೀನನ್ನು ಕಡಲಹಕ್ಕಿಗಳಿಗೆ ಹಾಕಿ ಕಾರಿನಲ್ಲಿ ಬಂದು ಕೂತಳು. ನನಗೆ ನಾಚಿಕೆಯಾಯಿತು. ಅಂದು ಬಾಗಿಲಿಗೆ ತುರುಕಿದ ಟವೆಲ್ ಸಾಲದೆಂದು ಈಗ ಬಾಯಲ್ಲೂ ತುರುಕಿದಂತಾಗಿತ್ತು.

ಅಂದಿನಿಂದ ವ್ರತ ಹಿಡಿದೆ. ಮೀನಿನ ಬಗ್ಗೆ ಒಳ್ಳೆಯದಲ್ಲದ ಮಾತು ಆಡಬಾರದು. ಮೂರನೇ ದಿನ ಹಳ್ಳಿಯೊಂದರ ಕೆಫೆಯ ಮುಂದೆ ಹಾಯುವಾಗ ಅವಳು ಮೆಲ್ಲಗೆ "ಎಂತ ಬರ್ತಾ ಉಂಟು?" ಎಂದಳು. ನಾನು ಉಸಿರು ಬಿಗಿಹಿಡಿದೇ "ಭಾಳ ಛಲೋ ವಾಸನಿ, ಘಮ್ ಅನ್ನಾಕತ್ತೈತಿ" ಎಂದೆ. ಉಪ್ಪಿನ ಗಾಳಿ, ಬೆಣ್ಣೆ, ಸುಟ್ಟ ತೆಂಗಿನಕಾಯಿ ಎಂದು ಇಲ್ಲದ್ದನ್ನೆಲ್ಲ ಸೇರಿಸಿದೆ. ಅಲ್ಲಿಂದ ಎರಡು ಸಾವಿರ ಮೈಲಿಯೊಳಗೆ ತೆಂಗಿನ ಮರ ಇರಲಿಕ್ಕಿಲ್ಲ. ಲವೀನಾ ನಂಬಿದಳು. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಇನ್ನಷ್ಟು ಇಳಿಯಿತು. ಅಷ್ಟೊಳ್ಳೆ ವಾಸನೆಯೂ ತನಗೆ ಬರುತ್ತಿಲ್ಲವಲ್ಲ ಎಂಬುದು ಅವಳ ಸಂಕಟವೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಾನು ಸುಳ್ಳನ್ನು ಇನ್ನೂ ದಪ್ಪ ಮಾಡುತ್ತಾ ಹೋದೆ.

ನಾಲ್ಕನೇ ದಿನ ಮಂಜು ದಟ್ಟವಾಗಿ, ಬಣ್ಣದ ಕೊಕ್ಕಿನ ಹಕ್ಕಿಗಳ ದ್ವೀಪಕ್ಕೆ ಹೋಗುವ ದೋಣಿ ಹೊರಡಲಿಲ್ಲ. ದಡದಲ್ಲಿ ಕಾರು ನಿಲ್ಲಿಸಿ ನಾನು ಎಂದಿನಂತೆ ಮಡಿಲ ಮೇಲೆ ಪೇಪರ್ ಟವೆಲ್ ಹಾಸಿ ರೊಟ್ಟಿ ಮುರಿದೆ. ಕಾರಿನ ತುಂಬ ಶೇಂಗಾ ಚಟ್ನಿಯ ಘಾಟು, ಗಾಜಿನ ಆಚೆ ಮೂರು ಕುರಿಗಳು ನಮ್ಮನ್ನೇ ನೋಡುತ್ತಿದ್ದವು.

"ನಾನು ಇಷ್ಟು ದೂರ ಬಂದದ್ದು ನಿನ್ನ ರೊಟ್ಟಿ ತಿನ್ಲಿಕ್ಕಾ?" ಹಿಂದಿನ ಸೀಟಿನಿಂದ ಲವೀನಾ ಕೇಳಿದಳು. ಕೂಗಿ ಹೇಳಿದ್ದರೆ ಚೆನ್ನಾಗಿತ್ತು, ಮೆಲ್ಲಗೆ ಹೇಳಿದಳು. "ದಿನಾ ಊಟದ ಹೊತ್ತಿಗೆ ನೀನು ಡಬ್ಬಿ ಬಿಚ್ಚುತ್ತಿ. ಹಸಿವು ಇಲ್ಲಿಯೇ ಸತ್ತುಹೋಗ್ತದೆ. ಇನ್ನು ಎರಡೇ ದಿನ ಉಂಟು ನನಗೆ."

ರೊಟ್ಟಿ ನನ್ನ ಬಾಯಲ್ಲಿತ್ತು. ಅದು ಕಡಕ್ ರೊಟ್ಟಿಯಾದ್ದರಿಂದ ಮೌನವಾಗಿ ನುಂಗುವ ಹಾಗೂ ಇರಲಿಲ್ಲ. ಕರುಮ್ ಕರುಮ್ ಎಂದು ಅಗಿಯುತ್ತಾ ಪಶ್ಚಾತ್ತಾಪ ಪಡುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು.

ಪಾಟೀಲರು ಹೆಚ್ಚು ಮಾತಿನವರಲ್ಲ. ಕಾರಿನಿಂದ ಇಳಿದು ಗಾಳಿಯಲ್ಲಿ ನಿಂತು ಫೋನಿನಲ್ಲಿ ಏನೋ ಒತ್ತಿದರು, ಮರಳಿ ಬಂದು ಕೂತರು. "ನಾಳೆ ಸಂಜಿ ಏಳಕ್ಕ ಒಬ್ಬರ ಮನಿಯಾಗ ಊಟ ಬುಕ್ ಮಾಡೀನಿ. ಈ ಊರಾಗ ಹಂಗ ಪದ್ಧತಿ ಐತಂತ, ರೊಕ್ಕ ಕೊಟ್ಟು ಅವರ ಮನಿಯಾಗ ಕುಂತು ಅವರು ಉಣ್ಣೂದ ಉಣ್ಣೂದು. ಲವೀನಕ್ಕಾ, ನಿಮಗ ಅವರ ಊರಿನ ಹಳೀ ಮೀನಿನ ಅಡಿಗಿ ಬೇಕಂತ ಬರದೀನಿ. ನಮಗಿಬ್ಬರಿಗೂ ಬರೇ ಕಾಯಿಪಲ್ಯೆ." ಅಷ್ಟು ಉದ್ದ ಮಾತಾಡಿದ್ದಕ್ಕೆ ಸುಸ್ತಾದವರಂತೆ ಒಂದು ರೊಟ್ಟಿ ತೆಗೆದುಕೊಂಡರು.

ಸ್ವಲ್ಪ ಹೊತ್ತಿಗೆ ಆ ಮನೆಯವರ ಫೋನ್ ಬಂತು. ಕಾಯಿಪಲ್ಯೆ ಮಾತ್ರ ತಿನ್ನುವವರು ಕುರಿಮಾಂಸ ತಿನ್ನಬಹುದಲ್ಲವೇ ಎಂದು ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ ಕೇಳುತ್ತಿದ್ದಳು. ಇಲ್ಲ ಎಂದಾಗ ಅವಳು ಬಿಟ್ಟ ನಿಟ್ಟುಸಿರು ಸ್ಪೀಕರಿನಲ್ಲಿ ನಮ್ಮ ಮೂವರಿಗೂ ಕೇಳಿಸಿತು. ಲವೀನಾ ನಕ್ಕಳು. ಆ ನಗು ಕೇಳಿ ನನ್ನ ಗಂಟಲಲ್ಲಿ ಸಿಕ್ಕಿದ್ದ ರೊಟ್ಟಿ ಇಳಿಯಿತು.

ಮರುದಿನ ಸಂಜೆ ಏಳಕ್ಕೆ ಮಧ್ಯಾಹ್ನದ ಬೆಳಕಿತ್ತು. ಕೊಲ್ಲಿಯ ಬುಡದಲ್ಲಿ ಕಪ್ಪು ಬಣ್ಣದ ಮರದ ಮನೆ. ಬಾಗಿಲಿಗೆ ಬಂದವಳು ಮಾರ್ಯುನ್, ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಸ್ವತಃ ಹೆಣೆದ ಉಣ್ಣೆಯ ಸ್ವೆಟರ್ ತೊಟ್ಟಿದ್ದಳು. ಬೂಟು ಹೊರಗೆ ಬಿಡಿ ಅಂದಳು. ಆ ಒಂದೇ ಮಾತಿಗೆ ನನಗೆ ಅವಳು ನಮ್ಮವಳೇ ಅನ್ನಿಸಿದಳು.

ಊಟಕ್ಕೆ ಮೊದಲು ಅಂಗಳದ ತುದಿಯ ಗೂಡೊಂದಕ್ಕೆ ಕರೆದೊಯ್ದಳು. ಹಲಗೆಗಳ ನಡುವೆ ಬೆರಳಗಲ ಸಂದಿ ಬಿಟ್ಟು ಕಟ್ಟಿದ ಮನೆ, ಕಡಲ ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಹೋಗುತ್ತದೆ. ಒಳಗೆ ತೊಲೆಗಳಿಗೆ ಮೀನನ್ನು ಜೋಡಿ ಜೋಡಿಯಾಗಿ ಕಟ್ಟಿ ನೇತುಹಾಕುತ್ತಾರಂತೆ. ಉಪ್ಪಿಲ್ಲ, ಹೊಗೆಯಿಲ್ಲ. ಗಾಳಿಯಲ್ಲಿ ವಾರಗಟ್ಟಲೆ ತೂಗಿ ತೂಗಿ ತಾನೇ ಹುಳಿಬರುತ್ತದೆ. "ಹೊಸಬರಿಗೆ ವಾಸನೆ ಸ್ವಲ್ಪ ಜೋರು" ಎಂದಳು ಮಾರ್ಯುನ್. ಬಾಗಿಲು ತೆರೆಯುವ ಮೊದಲೇ ನಾನು ನಾಲ್ಕು ಹೆಜ್ಜೆ ಹಿಂದಿದ್ದೆ. ಪಾಟೀಲರು ಅಕ್ಕಪಕ್ಕದ ಗುಡ್ಡಗಳ ಸೌಂದರ್ಯವನ್ನು ಇದ್ದಕ್ಕಿದ್ದಂತೆ ಗಮನಿಸತೊಡಗಿದರು. ಲವೀನಾ ಒಬ್ಬಳೇ ಒಳಗೆ ಹೋದಳು, ಕಣ್ಣು ಮುಚ್ಚಿ ತೊಲೆಯ ಕೆಳಗೆ ನಿಂತಳು, ದೀರ್ಘವಾಗಿ ಉಸಿರೆಳೆದಳು. ನಾನು ಹೊರಗೆ ನಿಂತು ಗೊತ್ತಿದ್ದ ದೇವರಿಗೆಲ್ಲ ಕೈಮುಗಿದೆ.

ಹೊರಗೆ ಬಂದು ತಲೆಯಾಡಿಸಿದಳು. "ಗಾಳಿ ತಣ್ಣಗುಂಟು. ಅಷ್ಟೇ."

ಮಾರ್ಯುನ್‌ಗೆ ಕೇಳಿಸದಂತೆ ನನ್ನ ಕೈ ಹಿಡಿದು "ಸಾಕು ಗಿರಿಜಾ. ಊಟ ಮಾಡುವ, ಹೋಗುವ" ಎಂದಳು. ಆ ಕೈ ತಣ್ಣಗಿತ್ತು. ಅವಳ ಅಮ್ಮನ ಮಣ್ಣಿನ ಪಾತ್ರೆ ಅಟ್ಲಾಂಟಾಕ್ಕೆ ಹೊರಟಿತೆಂದು ನನಗೆ ಖಾತ್ರಿಯಾಯಿತು. ಆ ಪಾತ್ರೆಯಲ್ಲಿ ಬೇಯಿಸಿದ ಒಂದು ತುತ್ತನ್ನೂ ನಾನು ತಿಂದವಳಲ್ಲ, ಆದರೂ ಅದು ನನ್ನ ಮನೆಯಿಂದಲೇ ಹೋದಂತಾಯಿತು.

ಒಳಗೆ ಮೇಜಿನ ಮೇಲೆ ನಮಗಾಗಿ ಬೇಯಿಸಿದ ಆಲೂಗಡ್ಡೆ, ಟರ್ನಿಪ್ ಗಡ್ಡೆ, ಬೆಣ್ಣೆ, ಮನೆಯಲ್ಲೇ ಮಾಡಿದ ಬ್ರೆಡ್, ಅವಳ ಹಿತ್ತಲಿನ ರುಬಾರ್ಬ್ ಎಂಬ ಹುಳಿ ದಂಟಿನ ಜ್ಯಾಮ್ ಇದ್ದವು. ಪಾಪ, ಎರಡು ತರಹ ಆಲೂಗಡ್ಡೆ ಮಾಡಿದ್ದಳು, ಬೇಸರ ಬಾರದಿರಲೆಂದು. ಆಮೇಲೆ ಒಲೆಯ ಮೇಲಿಂದ ಮುಚ್ಚಿದ ಪಾತ್ರೆ ತಂದು ಲವೀನಾಳ ಮುಂದಿಟ್ಟು ಮುಚ್ಚಳ ತೆಗೆದಳು. ಆ ಹುಳಿಬಂದ ಮೀನನ್ನು ನೀರಿನಲ್ಲಿ ಬೇಯಿಸಿದ್ದಳು. ಹಬೆ ಎದ್ದಿತು.

ಓದುಗರೇ, ಅದನ್ನು ಹೇಗೆ ಹೇಳಲಿ. ನೇತುಬಿಟ್ಟ ಮೀನಿನದು ಒಂದು ತರಹವಾದರೆ ಬೆಂದ ಮೀನಿನದು ಬೇರೆಯೇ. ನನ್ನ ಕಣ್ಣಲ್ಲಿ ನೀರು ಬಂತು. ಪಾಟೀಲರು ಆಲೂಗಡ್ಡೆಯ ಮೇಲೆ ಪೂರ್ತಿ ಬಾಗಿದರು. ಮಾರ್ಯುನ್ ಸೊಂಟಕ್ಕೆ ಕೈಕೊಟ್ಟು ನಮ್ಮ ಮುಖಗಳನ್ನೇ ನೋಡುತ್ತಾ ನಿಂತಿದ್ದಳು, ಅಡಿಗೆ ಮಾಡಿದ ಯಾವ ಹೆಂಗಸೂ ನಿಲ್ಲುವ ಹಾಗೆ.

"ಹೇಳು ಗಿರಿಜಾ," ಲವೀನಾ ಅಭ್ಯಾಸಬಲದಿಂದ ಕೇಳಿದಳು. ಕೇಳುವಾಗ ನನ್ನ ಕಡೆ ನೋಡಲೂ ಇಲ್ಲ. "ಹೇಗುಂಟು?"

ಎದುರಿಗೆ ಮನೆಯೊಡತಿ, ಪಕ್ಕದಲ್ಲಿ ಗೆಳತಿ. ನಾನು ಉಸಿರನ್ನು ಒಳಗೇ ಬಿಗಿಹಿಡಿದು, ಮುಖದ ಮೇಲೆ ಮದುವೆಮನೆಯ ನಗು ತಂದುಕೊಂಡೆ. "ಭಾಳ ಛಲೋ ಐತಿ ಲವೀನಾ. ಹೆರತುಪ್ಪ ಕಾಸಿದಂಗ ಘಮ್ ಅಂತೈತಿ. ಮ್ಯಾಲೆ ಕರಿಬೇವು ಹಾಕಿದಂಗ."

ಲವೀನಾ ಫೋರ್ಕನ್ನು ಬಾಯಿಯ ಹತ್ತಿರ ಒಯ್ದಿದ್ದಳು. ಅಲ್ಲಿಯೇ ನಿಲ್ಲಿಸಿದಳು. ಹುಬ್ಬು ಗಂಟಿಕ್ಕಿತು. ಒಮ್ಮೆ ತಟ್ಟೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

"ಸುಳ್ಳು ಹೇಳ್ಬೇಡ ಮಾರಾಯ್ತಿ," ಎಂದಳು. "ನಾರ್ತಾ ಉಂಟು."

ನನಗೆ ಮೊದಲು ಆದದ್ದು ಅವಮಾನ. ಮನೆಯೊಡತಿಯ ಎದುರು ಸಿಕ್ಕಿಬಿದ್ದೆನಲ್ಲ ಎಂದು ಕಿವಿ ಬಿಸಿಯಾಯಿತು. ಅವಳು ಹೇಳಿದ್ದೇನು ಎಂಬುದು ತಲೆಗೆ ಹೋಗಲು ಒಂದು ಗಳಿಗೆ ಹಿಡಿಯಿತು. ಪಾಟೀಲರು ಆಲೂಗಡ್ಡೆಯಿಂದ ತಲೆ ಎತ್ತಿದ್ದರು.

"ಏನಂದಿ?" ಎಂದೆ.

"ನಾರ್ತಾ ಉಂಟು ಅಂದೆ." ಹೇಳುತ್ತಿದ್ದಂತೆ ಅವಳ ದನಿ ಒಡೆಯಿತು. ಫೋರ್ಕ್ ಕೆಳಗಿಟ್ಟು ಎರಡೂ ಕೈಯಲ್ಲಿ ತಟ್ಟೆಯನ್ನು ಮುಖದ ಹತ್ತಿರ ಎತ್ತಿದಳು. "ಒದ್ದೆ ಗೋಣಿಯ ಹಾಗೆ. ಅಲ್ಲ. ಬಂದರಲ್ಲಿ ಮಳೆ ಬಿಟ್ಟ ಮೇಲೆ ಒಣಮೀನಿನ ಚಾಪೆ ಮಗುಚುವಾಗ. ಸಣ್ಣಗೆ ಉಂಟು, ದೂರದಿಂದ ಬಂದ ಹಾಗೆ. ಹೋಗ್ತದೆ, ಪುನಃ ಬರ್ತದೆ. ಗಿರಿಜಾ, ಇದು ನಾರ್ತಾ ಉಂಟು ಮಾರಾಯ್ತಿ."

ಮಾರ್ಯುನ್ ಗಾಬರಿಯಾಗಿ, ನಿಮ್ಮ ಗೆಳತಿ ಏಕೆ ಅಳುತ್ತಿದ್ದಾಳೆ, ಏನು ಹೇಳುತ್ತಿದ್ದಾಳೆ ಎಂದು ಕೇಳಿದಳು. ಆಯುಷ್ಯದಲ್ಲಿ ಸುಳ್ಳು ಹೇಳಿ ಗೊತ್ತಿಲ್ಲದ ಪಾಟೀಲರು, ನಿಮ್ಮ ಮೀನು ನಾರುತ್ತಿದೆ ಎನ್ನುತ್ತಿದ್ದಾಳೆ ಎಂದು ನೆಟ್ಟಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟರು. ಆಮೇಲೆ ಎರಡೂವರೆ ವರ್ಷದ ಕತೆಯನ್ನು ತಮ್ಮ ಲೆಕ್ಕದಲ್ಲಿ ಮೂರು ವಾಕ್ಯದಲ್ಲಿ ಮುಗಿಸಿದರು. ಮಾರ್ಯುನ್ ಕೇಳಿಸಿಕೊಂಡು ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡಳು, ಲವೀನಾಳ ಪಕ್ಕದ ಕುರ್ಚಿ ಎಳೆದು ಕೂತಳು, ಪಾತ್ರೆಯಲ್ಲಿದ್ದ ದೊಡ್ಡ ತುಂಡನ್ನು ಅವಳ ತಟ್ಟೆಗೆ ಹಾಕಿದಳು.

ಲವೀನಾ ತಿಂದಳು. ಪ್ರತಿ ತುತ್ತಿಗೂ ಮೊದಲು ಮೂಸುವಳು, ಕಾಯುವಳು, ಸಿಕ್ಕಿದರೆ ತಲೆಯಾಡಿಸುವಳು, ಆಮೇಲೆ ಬಾಯಿಗಿಡುವಳು. ಮೂಗಿನಿಂದಲೂ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಎರಡನೇ ತುಂಡು ಕೇಳಿದಳು. ಮೂರನೆಯದಕ್ಕೆ ಕೈ ಚಾಚಿದವಳು ಥಟ್ಟನೆ ನಿಂತು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಒಂದು ಭಯ ಕಂಡಿತು. ಎಲ್ಲ ತನ್ನ ಭ್ರಮೆಯೇ ಇರಬಹುದೇ ಎಂಬ ಭಯ ಅದು.

"ಗಿರಿಜಾ, ನೀನು ಸತ್ಯ ಹೇಳು. ನಿಜವಾಗಿ ನಾರ್ತಾ ಉಂಟಲ್ಲ?"

ನಾನು ಕುರ್ಚಿ ಅವಳ ಹತ್ತಿರ ಎಳೆದುಕೊಂಡೆ. ಹಿಡಿದಿದ್ದ ಉಸಿರು ಬಿಟ್ಟೆ. ಆ ತಟ್ಟೆಯ ಮೇಲೆ ಬಾಗಿ, ಹುಟ್ಟಿದಾಗಿನಿಂದ ಎಂದೂ ಎಳೆಯದಷ್ಟು ಉದ್ದ ಉಸಿರು ಎಳೆದೆ.

"ನಾರಾಕತ್ತೈತಿ ಲವೀನಾ," ಎಂದೆ. "ಭಯಂಕರ ನಾರಾಕತ್ತೈತಿ."

"ಇನ್ನೊಮ್ಮೆ ಹೇಳು," ಎಂದಳು.

ಇನ್ನೊಮ್ಮೆ ಹೇಳಿದೆ.